ವಿಮಾನ ಹೋಗಲಿ, ತಾಳು

ನಾನು ಟ್ಯಾಂಕಿನೊಳಗೆ ಕೂತಿದ್ದೆ.

ಖಾಲಿ ನೀರಿನ ಟ್ಯಾಂಕು. ಕಪ್ಪು ಪ್ಲಾಸ್ಟಿಕ್ಕಿನದು. ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತುವ ಧೈರ್ಯವಿರಲಿಲ್ಲ.

ಹೊರಗೆ ಒಬ್ಬ ನಡೆದಾಡುತ್ತಿದ್ದ.

ಟಕ್... ಟಕ್... ಟಕ್...

ಅವನ ಕೈಯಲ್ಲಿ ಕಬ್ಬಿಣದ ಪೈಪಿತ್ತು. ಅದನ್ನು ನೆಲಕ್ಕೆ ಕುಟ್ಟುತ್ತಾ ಬರುತ್ತಿದ್ದ. ತಲೆಗೆ ಹೆಲ್ಮೆಟ್. ಮುಖ ಕಂಡಿರಲಿಲ್ಲ. ಮುಖ ಮುಚ್ಚಿಕೊಂಡು, ಪೈಪ್ ಹಿಡಿದು ಬರುವವನ ಹತ್ತಿರ ನಿಂತು ಕುಶಲ ವಿಚಾರಿಸುವ ಅಭ್ಯಾಸ ನನಗಿಲ್ಲ. ಅದಕ್ಕೇ ಟ್ಯಾಂಕಿಗೆ ಇಳಿದಿದ್ದೆ.

ನನ್ನ ಎಡಗೆನ್ನೆಯೊಳಗೆ, ಪೆಪ್ಪರ್‌ಮಿಂಟ್ ಒತ್ತರಿಸಿಕೊಂಡ ಹಾಗೆ, ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡ್ ಇತ್ತು. ಅವನಿಗೆ ಬೇಕಾಗಿದ್ದದ್ದು ಅದು.

ಟಕ್ ಟಕ್ ಕೇಳುತ್ತಿದ್ದಷ್ಟು ಹೊತ್ತು ಪರವಾಗಿಲ್ಲ. ಅವನು ಎಲ್ಲಿದ್ದಾನೆ ಅಂತ ಗೊತ್ತಾಗುತ್ತಿತ್ತು. ನನ್ನ ಭಯ ಬೇರೆಯದಕ್ಕೆ. ವಾಚ್ ನೋಡಿದೆ. ಇನ್ನರ್ಧ ನಿಮಿಷಕ್ಕೆ ವಿಮಾನ ಬರಬೇಕು.

ಬಂತು!

ಟ್ಯಾಂಕಿನ ಗೋಡೆ ನಡುಗಿತು. ನನ್ನ ಹಲ್ಲು ನಡುಗಿತು. ಕಣ್ಣು ಮುಚ್ಚಿದರೂ ಬಿಟ್ಟರೂ ಒಂದೇ, ಇಡೀ ಮೈ ತುಂಬ ಬರೀ ಸದ್ದು. ನಲವತ್ತು ಸೆಕೆಂಡು ಬೇರೇನೂ ಕೇಳುವುದಿಲ್ಲ. ಅವನು ತಾರಸಿಯ ಆಚೆ ತುದಿಯಲ್ಲಿರಬಹುದು. ನನ್ನ ತಲೆಯ ಮೇಲಿನ ಮುಚ್ಚಳಕ್ಕೆ ಕೈ ಹಾಕಿರಬಹುದು. ಅದು ತಿಳಿಯುವುದು ಮುಚ್ಚಳ ತೆಗೆದಾಗಲೇ.

ಹೆದರಿದ್ದೆ. ಹೇಳಿಬಿಡುತ್ತೇನೆ, ನಾಚಿಕೆಯೇನಿಲ್ಲ. ಇಪ್ಪತ್ತು ವರ್ಷದಿಂದ ನನ್ನದು ಇದೇ ಕೆಲಸ. ಮನೆ ಬಿಟ್ಟು ಓಡಿಹೋದವರನ್ನು ಹುಡುಕುತ್ತೇನೆ. ಸುಳ್ಳು ಆ್ಯಕ್ಸಿಡೆಂಟ್ ಕ್ಲೇಮುಗಳನ್ನು ಹಿಡಿಯುತ್ತೇನೆ. ಚಾಕು ತೋರಿಸಿದವನ ಎದುರು ಕೂತು ಟೀ ಕುಡಿದಿದ್ದೇನೆ. ಆದರೆ ಅವತ್ತು ಆ ಟ್ಯಾಂಕಿನಲ್ಲಿ ಕೂತು, ತೀರಿಕೊಂಡ ನನ್ನಮ್ಮನನ್ನು ಕೂಗಿ ಕರೆದೆ. ಜೋರಾಗಿಯೇ ಕರೆದೆ. ನನಗೇ ಕೇಳಿಸಲಿಲ್ಲ.

ಸದ್ದು ಕಮ್ಮಿಯಾಯಿತು. ಟಕ್... ಟಕ್... ಇನ್ನೂ ದೂರದಲ್ಲೇ ಇದ್ದ.

ಮುಂದಿನ ವಿಮಾನಕ್ಕೆ ನಾಲ್ಕು ನಿಮಿಷ. ಅಷ್ಟರಲ್ಲಿ ನಿಮಗೆ ಹಿಂದಿನದನ್ನು ಹೇಳಿ ಮುಗಿಸುತ್ತೇನೆ.

ಆ ಬೀದಿ ರನ್‌ವೇ ತುದಿಗೆ ಸರಿಯಾಗಿ ಕೆಳಗಿದೆ. ನಲವತ್ತು ಮನೆ, ನಡುವಿನ ಒಂದು ಸಂದಿ ಬಿಟ್ಟರೆ ಗೋಡೆಗೆ ಗೋಡೆ ಅಂಟಿಕೊಂಡದ್ದು. ಅಲ್ಲಿ ನನ್ನಕ್ಕನ ಮನೆ. ಭಾವನಿಗೆ ಹೋದ ವರ್ಷ ಹಾರ್ಟ್ ಆಪರೇಷನ್ ಆಗಿತ್ತು. ಮಾತ್ರೆ ಆಮೇಲೆ, ಮೊದಲು ನಿದ್ದೆ ಅಂತ ಡಾಕ್ಟರು ಹೇಳಿದ್ದರು. ನಾಲ್ಕು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹೋಗುವ ಮನೆಯಲ್ಲಿ ಎಲ್ಲಿಯ ನಿದ್ದೆ? ಭಾವ ಕಣ್ಣು ಮುಚ್ಚುತ್ತಿದ್ದರು, ಸದ್ದಿಗೆ ಬೆಚ್ಚಿ ಎದೆ ಹಿಡಿದುಕೊಂಡು ಎದ್ದು ಕೂರುತ್ತಿದ್ದರು. ಮೈ ಇಳಿದು ಹೋಗಿತ್ತು.

ಪರಿಹಾರ ಇತ್ತು. ವಿಮಾನ ನಿಲ್ದಾಣದವರು ನಕ್ಷೆಯ ಮೇಲೊಂದು ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಮನೆಗೆ ಎರಡು ಪದರದ ದಪ್ಪ ಗಾಜಿನ ಕಿಟಕಿ, ಸದ್ದು ತಡೆಯುವ ಚಾವಣಿ. ಅದು ಬೇಡವೆಂದರೆ ಬೇರೆ ಕಡೆ ಮನೆ. ಗೆರೆಯ ಹೊರಗಿನವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಅಷ್ಟೇ. ಗೆರೆ ಎಲ್ಲಿ ಬರಬೇಕೆಂದು ಹೇಳುವುದು ಬೀದಿಗೊಂದರಂತೆ ಇಟ್ಟಿರುವ ಸದ್ದಿನ ಮೀಟರು. ಅರವತ್ತೈದು ಡೆಸಿಬಲ್ ದಾಟಿದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ನಮ್ಮಕ್ಕನ ಬೀದಿಯ ಮೀಟರು ಐವತ್ತೆಂಟು ತೋರಿಸುತ್ತಿತ್ತು.

ಐವತ್ತೆಂಟು ಅಂದರೆ ಇಬ್ಬರು ಕೂತು ಮಾತಾಡುವಷ್ಟು ಸದ್ದು! ಆ ಬೀದಿಯಲ್ಲಿ ಸ್ಟ್ಯಾಂಡಿನಲ್ಲಿಟ್ಟ ತಟ್ಟೆಗಳು ತಾವಾಗಿಯೇ ಕೆಳಗೆ ಬೀಳುತ್ತಿದ್ದವು.

ಅಕ್ಕ ನನ್ನನ್ನು ಕರೆಸಿದಳು. ಅನ್ನ ಬಡಿಸುತ್ತಾ, ಅಳದೆ, ಗಟ್ಟಿಯಾಗಿ ಹೇಳಿದಳು.

"ಆ ಕಿಟಕಿ ಬಂದ್ರೆ ಇವ್ರು ಇನ್ನೊಂದಷ್ಟು ವರ್ಷ ಇರ್ತಾರೆ ಕಣೋ. ಬರ್ಲಿಲ್ಲ ಅಂದ್ರೆ ಇರಲ್ಲ. ನೀನು ಊರಿನವ್ರ ಕೆಲಸ ಎಲ್ಲಾ ಮಾಡ್ತೀಯ, ಇದೊಂದು ಮಾಡ್ಕೊಡು."

ಕೊನೆಯ ಹಿಯರಿಂಗ್‌ಗೆ ಐದೇ ದಿನ ಉಳಿದಿತ್ತು. ಅಲ್ಲಿ ಎಳೆದ ಗೆರೆ ಇನ್ನು ಹತ್ತು ವರ್ಷ ಅಲ್ಲಾಡುವುದಿಲ್ಲ. ಭಾವನಿಗೆ ಹತ್ತು ವರ್ಷದ ಟೈಮ್ ಇರಲಿಲ್ಲ.

ಬೀದಿಯ ಜನರ ಬಗ್ಗೆ ಒಂದು ಮಾತು. ವಿಮಾನ ಬಂದರೆ ಅವರು ಮಾತು ನಿಲ್ಲಿಸುತ್ತಾರೆ. ಜಗಳವಾಡುತ್ತಿದ್ದರೂ ಸರಿ, ನಗುತ್ತಿದ್ದರೂ ಸರಿ. ಕೂಗಿ ಹೇಳಲು ಹೋಗುವುದಿಲ್ಲ, ಹಲೋ ಹಲೋ ಅನ್ನುವುದಿಲ್ಲ. ಸುಮ್ಮನೆ ಕಾಯುತ್ತಾರೆ. ಅಕ್ಕ ಅಷ್ಟರಲ್ಲಿ ಎರಡು ಈರುಳ್ಳಿ ಹೆಚ್ಚಿಬಿಡುತ್ತಾಳೆ. ಎದುರು ಮನೆಯ ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾಳೆ. ಬೀದಿಯ ಸಂಘದ ಅಧ್ಯಕ್ಷರು ಮಾತ್ರ ಬಲಗೈ ಎತ್ತಿ ಅಂಗೈ ತೋರಿಸಿ ನಿಲ್ಲುತ್ತಾರೆ. ವಿಮಾನ ಹೋಗಲಿ, ತಾಳು ಅಂತ. ಮೂವತ್ತು ವರ್ಷದಿಂದ ಅಲ್ಲಿದ್ದವರು. ಬಿಳಿ ಮೀಸೆ, ಇಸ್ತ್ರಿ ಅಂಗಿ, ಎಲ್ಲರ ಮನೆಯ ಕಷ್ಟಕ್ಕೂ ಮುಂದೆ ನಿಲ್ಲುವವರು. ಬೀದಿಯ ಮೀಟರು ಅವರ ತಾರಸಿಯ ಮೇಲೇ ಇತ್ತು.

ಮೀಟರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕನ್ನು ಬೀದಿಯವರು ಮೀಟರಣ್ಣ ಅನ್ನುತ್ತಿದ್ದರು. ಅಳತೆಯ ಕಂಟ್ರ್ಯಾಕ್ಟರನ ಕಡೆಯ ಆಳು. ಅಕ್ಕ ಅವನಿಗೆ ನನ್ನ ನಂಬರ್ ಕೊಟ್ಟಿದ್ದಳು. ಹಿಯರಿಂಗ್‌ಗೆ ಎರಡು ದಿನ ಮುಂಚೆ ಮಧ್ಯಾಹ್ನ ಫೋನ್ ಮಾಡಿದ.

"ಆ ಮೀಟರ್ ಸುಳ್ ಹೇಳ್ತಿದೆ ಸಾರ್. ನಾನು ಕದ್ದು ನನ್ನದೇ ಇನ್ನೊಂದು ಇಟ್ಟಿದ್ದೀನಿ. ಬೀದಿ ಕೊನೇಲಿ ಖಾಲಿ ಬಿಲ್ಡಿಂಗ್ ಇದ್ಯಲ್ಲ, ಅದರ ತಾರಸಿ, ಟ್ಯಾಂಕ್ ಹಿಂದೆ. ಹದಿನೈದು ದಿನದ್ದು ಕಾರ್ಡಲ್ಲಿದೆ."

ಯಾರು ಸುಳ್ಳು ಹೇಳಿಸುತ್ತಿದ್ದಾರೆ ಅಂತ ಕೇಳಿದೆ. ಎದುರಿಗೆ ಬಂದು ಹೇಳುತ್ತೇನೆ, ಫೋನಿನಲ್ಲಿ ಬೇಡ ಅಂದ.

ಎದುರಿಗೆ ಬರಲಿಲ್ಲ. ಒಂದು ಗಂಟೆಯ ನಂತರ ಎರಡು ಮನೆಗಳ ನಡುವಿನ ಸಂದಿಯಲ್ಲಿ ಬಿದ್ದಿದ್ದ. ತಾರಸಿಯಿಂದ ಕಾಲು ಜಾರಿದೆ ಅಂದರು. ಉಸಿರಾಡುತ್ತಿದ್ದ, ಪ್ರಜ್ಞೆ ಇರಲಿಲ್ಲ. ಹಗಲು ಹೊತ್ತು, ನಲವತ್ತು ಮನೆಯಲ್ಲೂ ಜನ. ಒಬ್ಬರಿಗೂ ಅವನು ಕೂಗಿದ್ದು ಕೇಳಿರಲಿಲ್ಲ.

ಆಗ ನನಗೆ ಹೊಳೆಯಿತು. ಈ ಬೀದಿಯಲ್ಲಿ ನಾಲ್ಕು ನಿಮಿಷಕ್ಕೊಂದು ಸಲ, ನಲವತ್ತು ಸೆಕೆಂಡು, ಯಾರನ್ನು ಬೇಕಾದರೂ ಏನು ಬೇಕಾದರೂ ಮಾಡಬಹುದು. ಅಂದಿನಿಂದ ನಾನು ಗೋಡೆಗೆ ಬೆನ್ನು ಕೊಟ್ಟೇ ನಿಲ್ಲತೊಡಗಿದೆ.

ಮಾರನೆಯ ದಿನ ಅಕ್ಕನ ಮನೆಯ ಬಾಗಿಲಲ್ಲಿ ನಿಂತಿದ್ದಾಗ ಫೋನ್ ಬಂತು. ನಂಬರ್ ಇರಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡ ದನಿ.

"ನಾಳೆ ಹಿಯರಿಂಗ್ ಕಡೆ ತಲೆ ಹಾಕ್ಬೇಡ. ಹಾಕಿದ್ರೆ ನಿನ್ನನ್ನೂ ಸಂದಿಯಿಂದ ಎತ್ಕೊಂಡು ಹೋಗ್ಬೇ..."

ನನ್ನ ತಲೆಯ ಮೇಲೆ ವಿಮಾನ. ಫೋನ್ ಕಿವಿಗೆ ಒತ್ತಿಕೊಂಡೆ. ಏನೂ ಕೇಳಿಸಲಿಲ್ಲ. ಕಟ್ ಆಗಿರಬೇಕು ಅಂದುಕೊಂಡೆ. ವಿಮಾನ ಹೋಯಿತು.

"...ಕಾಗತ್ತೆ," ಅಂದಿತು ಆ ದನಿ. ಫೋನ್ ಇಟ್ಟಿತು.

ಅದರಲ್ಲೇನೋ ಒಂದು ನನ್ನನ್ನು ಚುಚ್ಚಿತು. ಏನೆಂದು ತಿಳಿಯಲಿಲ್ಲ. ಹೆದರಿದವನ ತಲೆ ಅಷ್ಟು ಚುರುಕಾಗಿ ಓಡುವುದಿಲ್ಲ.

ಹಿಯರಿಂಗ್ ದಿನ ಬೆಳಿಗ್ಗೆ ಅಧ್ಯಕ್ಷರ ಮನೆಗೆ ಹೋದೆ. ಖಾಲಿ ಕಟ್ಟಡದ ತಾರಸಿಗೆ ಹೋಗುತ್ತಿದ್ದೇನೆ, ಅರ್ಧ ಗಂಟೆಯಲ್ಲಿ ಬರದಿದ್ದರೆ ಜನ ಕಳಿಸಿ ಅಂತ ಹೇಳಿದೆ. ಬೆನ್ನು ತಟ್ಟಿದರು. ಅವರೊಬ್ಬರಿಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ, ಅಕ್ಕನಿಗೂ ಇಲ್ಲ.

ಮೀಟರಣ್ಣನ ಮೀಟರು ಹೇಳಿದ ಜಾಗದಲ್ಲೇ ಇತ್ತು. ಕಾರ್ಡ್ ತೆಗೆದುಕೊಂಡೆ. ಮೆಟ್ಟಿಲ ಮೇಲೆ ಟಕ್ ಟಕ್ ಕೇಳಿತು. ಬಾಗಿಲ ಸಂದಿಯಲ್ಲಿ ಹೆಲ್ಮೆಟ್ ಕಂಡಿತು. ಕಾರ್ಡನ್ನು ಬಾಯಿಗೆ ಹಾಕಿಕೊಂಡು ಟ್ಯಾಂಕಿಗಿಳಿದೆ.

ನಾಲ್ಕು ನಿಮಿಷ ಮುಗಿಯುತ್ತಾ ಬಂತು.

ಟಕ್... ಟಕ್... ಧೊಂಯ್!

ಟ್ಯಾಂಕಿಗೇ ಹೊಡೆದ. ನನ್ನ ಕಿವಿಯ ಪಕ್ಕಕ್ಕೆ. ಒಳಗೆ ನೀರಿದೆಯೋ ಇಲ್ಲವೋ ನೋಡುತ್ತಿದ್ದ. ಖಾಲಿ ಟ್ಯಾಂಕು ಖಾಲಿ ಸದ್ದನ್ನೇ ಮಾಡಿತು. ಅವನು ಸುಮ್ಮನಾದ. ನಾನು ಉಸಿರು ಬಿಗಿಹಿಡಿದೆ. ಹೆಜ್ಜೆಗಳು ಸುತ್ತು ಹಾಕಿದವು. ನಿಂತವು. ಎಲ್ಲಿ ನಿಂತವು ಅನ್ನುವಷ್ಟರಲ್ಲಿ ವಿಮಾನ ಬಂತು.

ಈಗ ನನ್ನ ಸದ್ದು ಅವನಿಗೂ ಕೇಳುವುದಿಲ್ಲ!

ಮುಚ್ಚಳ ತಳ್ಳಿ ಎದ್ದೆ. ಅವನು ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ನಿಂತು ಕೆಳಗಿನ ಬೀದಿ ನೋಡುತ್ತಿದ್ದ. ಕಾಲು ಹೊರಗೆ ಹಾಕಿದೆ, ಟ್ಯಾಂಕು ವಾಲಿತು. ನನ್ನ ಸಮೇತ ಉರುಳಿತು. ನಾನು ಬಿದ್ದ ಸದ್ದು ನನಗೂ ಇಲ್ಲ, ಅವನಿಗೂ ಇಲ್ಲ. ಆದರೆ ತಾರಸಿ ಅದುರಿದ್ದು ಅವನ ಕಾಲಿಗೆ ಗೊತ್ತಾಗಿರಬೇಕು. ತಿರುಗಿದ.

ಓಡಿದೆ.

ಪಕ್ಕದ ತಾರಸಿಗೆ ಹಾರಿದೆ. ಅಲ್ಲಿಂದ ಇನ್ನೊಂದಕ್ಕೆ. ಒಣಗಿದ ಬೆಡ್‌ಶೀಟುಗಳು ಮುಖಕ್ಕೆ ಬಡಿದವು. ಒಂದು ತಂತಿ ಕುತ್ತಿಗೆಗೆ ಸಿಕ್ಕಿತು, ಕಿತ್ತುಕೊಂಡೇ ಓಡಿದೆ. ಹಿಂದಿನಿಂದ ಪೈಪು ಬೀಸಿದ ಗಾಳಿ ಬೆನ್ನಿಗೆ ತಾಗಿತು. ಮುಂದೆ ಸಂದಿ ಬಂತು. ಮೀಟರಣ್ಣ ಬಿದ್ದ ಸಂದಿ. ಕೆಳಗೆ ಅವನ ಒಂದು ಚಪ್ಪಲಿ ಇನ್ನೂ ಅಲ್ಲೇ ಇತ್ತು. ನೋಡಬಾರದಿತ್ತು, ನೋಡಿದೆ. ಭಾವ ಎದೆ ಹಿಡಿದುಕೊಂಡು ಕೂತದ್ದು ಕಣ್ಣ ಮುಂದೆ ಬಂತು. ಹಾರಿದೆ.

ಮೊಣಕೈ ತರಚಿತು, ಅಷ್ಟೇ. ಹಿಂತಿರುಗಿ ನೋಡಿದರೆ ಅವನು ಆಚೆ ದಡದಲ್ಲೇ ನಿಂತಿದ್ದ. ಪೈಪು, ಹೆಲ್ಮೆಟ್ ಹೊತ್ತುಕೊಂಡು ಹಾರುವ ಧೈರ್ಯ ಬರಲಿಲ್ಲ. ಮೆಟ್ಟಿಲ ಕಡೆ ಓಡಿದ.

ನಾನು ಬಿದ್ದಿದ್ದು ಅಧ್ಯಕ್ಷರ ತಾರಸಿಯ ಮೇಲೆ. ಎದುರಿಗೆ ಮೀಟರಿನ ಕಂಬ. ಅದರ ತುದಿಗೆ ಯಾರೋ ಒಂದು ಸ್ಟೀಲ್ ಡಬ್ಬ ಬೋರಲು ಹಾಕಿದ್ದರು. ಒಳಗಿಂದ ಹಾಸಿಗೆಯ ಸ್ಪಂಜು ಇಣುಕುತ್ತಿತ್ತು. ಧೂಳು ಕೂರದಿರಲಿ ಅಂತಿರಬೇಕು ಅಂದುಕೊಂಡು ದಾಟಿ ಓಡಿದೆ. ಹೇಳಿದೆನಲ್ಲ, ಹೆದರಿದವನ ತಲೆ ಓಡುವುದಿಲ್ಲ ಅಂತ.

ಮೆಟ್ಟಿಲ ಬಾಗಿಲನ್ನು ಅಧ್ಯಕ್ಷರೇ ತೆರೆದರು. ಒಳಗೆಳೆದುಕೊಂಡು ಚಿಲಕ ಹಾಕಿದರು. ಕೆಳಗೆ ಕರೆದುಕೊಂಡು ಹೋಗಿ ಊಟದ ಮೇಜಿನ ಮುಂದೆ ಕೂರಿಸಿದರು. ಮನೆಯವರೆಲ್ಲ ಹಿಯರಿಂಗ್‌ಗೆ ಬಸ್ ಹತ್ತಲು ಹೋಗಿದ್ದಾರೆ ಅಂದರು. ಲೋಟದಲ್ಲಿ ನೀರು ಕೊಟ್ಟರು. ಅವರನ್ನು ನೋಡಿ ಅಳು ಬರುವಷ್ಟು ಸಮಾಧಾನವಾಯಿತು.

ಸಿಕ್ಕಿತೇ ಅಂತ ಕೇಳಿದರು. ತಲೆಯಾಡಿಸಿದೆ.

"ಒಳ್ಳೇದಾಯ್ತಪ್ಪಾ. ಅದನ್ನ ನನ್ ಕೈಲಿ ಕೊಟ್ಬಿಟ್ಟು ನೀನು ಆರಾ..."

ವಿಮಾನ ಬಂತು. ಬಲಗೈ ಮೇಲೆದ್ದಿತು. ಅಂಗೈ ನನ್ನ ಕಡೆಗೆ. ತುಟಿ ಮುಚ್ಚಿತು. ಮೇಜಿನ ಮೇಲೆ ಲೋಟದ ನೀರು ಅಲುಗಿತು. ನಾನು ಆ ಅಂಗೈಯನ್ನೇ ನೋಡುತ್ತಾ ಕೂತೆ. ಸದ್ದು ದೂರವಾಯಿತು. ಕೈ ಕೆಳಗಿಳಿಯಿತು.

"...ಮಾಗಿ ಊಟ ಮಾಡು," ಅಂದರು.

ಆ ಕೈಯನ್ನು ಇನ್ನೊಮ್ಮೆ ನೋಡಿದೆ.

ಬಿಟ್ಟ ಅಕ್ಷರದಿಂದಲೇ! ಫೋನಿನವನೂ ಹಾಗೆಯೇ ಮಾಡಿದ್ದ. ಬೇರೆ ಯಾರಾದರೂ ಆಗಿದ್ದರೆ ಹಲೋ ಹಲೋ ಎಂದು ಕಿರುಚುತ್ತಿದ್ದರು, ಅದೇನು ಸದ್ದು ಅಂತ ಕೇಳುತ್ತಿದ್ದರು. ಇವನು ಕಾದಿದ್ದ. ವಿಮಾನ ನನ್ನ ತಲೆಯ ಮೇಲೆ ಹೋಗುತ್ತಿತ್ತು, ಫೋನಿನಲ್ಲಿ ಅವನಿಗೆ ಕೇಳಿಸಿತ್ತು, ಬಾಯಿ ತಾನಾಗಿ ಮುಚ್ಚಿತ್ತು. ಮೂವತ್ತು ವರ್ಷದ ಅಭ್ಯಾಸ. ಬೀದಿಯವನೇ. ನಾನು ತಾರಸಿಗೆ ಹೋಗುವುದು ಗೊತ್ತಿದ್ದವನೇ. ಮೀಟರಿನ ಮೇಲಿನ ಸ್ಟೀಲ್ ಡಬ್ಬ, ಅದರೊಳಗಿನ ಸ್ಪಂಜು... ಎಲ್ಲ ಒಟ್ಟಿಗೆ ಅರ್ಥವಾಯಿತು.

"ನೀರು ಕುಡಿ," ಅಂದರು.

ಹೇಗೆ ಕುಡಿಯಲಿ? ಕೆನ್ನೆಯಲ್ಲಿ ಕಾರ್ಡ್. ಲೋಟ ಹಿಡಿದುಕೊಂಡೆ. ಮುಂದಿನ ವಿಮಾನಕ್ಕೆ ನಾಲ್ಕು ನಿಮಿಷ. ಲೋಟವನ್ನು ಮುಖಕ್ಕೆ ಎಸೆದು ಓಡಬೇಕು, ಆ ಸದ್ದಿನಲ್ಲಿ ಅವರು ಯಾರನ್ನೂ ಕೂಗಿ ಕರೆಯಲಾರರು. ಅಲ್ಲಿಯವರೆಗೆ ಎಳೆಯಬೇಕು. ಕಾರ್ಡ್ ಶೂ ಒಳಗಿದೆ ಅಂದೆ. ಲೇಸು ಗಂಟಾಗಿದೆ ಅಂದೆ. ಬಿಚ್ಚುತ್ತಾ ಕೂತೆ. ಇಷ್ಟು ನಿಧಾನವಾಗಿ ನಾನು ಜನ್ಮದಲ್ಲಿ ಲೇಸು ಬಿಚ್ಚಿಲ್ಲ.

"ಮಾತ್ಯಾಕೆ ತೊದಲ್ತಿದೆ? ಬಾಯಲ್ಲೇನಾದ್ರೂ ಇದ್ಯಾ?"

ಹಲ್ಲುನೋವು ಅಂದೆ. ಅವರು ನಕ್ಕರು. ಎದ್ದು ಹೋಗಿ ಬೀದಿ ಕಡೆಯ ಬಾಗಿಲು ತೆಗೆದರು.

ಹೆಲ್ಮೆಟ್ ನಿಂತಿತ್ತು. ಪೈಪು ಕೈಯಲ್ಲೇ ಇತ್ತು.

ಬಾಗಿಲ ತುಂಬ ಅವನೇ. ಲೋಟ ಎಸೆದು ಓಡುವ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಅಕ್ಕನಿಗೆ ಯಾರು ಹೇಳುತ್ತಾರೆ? ಸಂದಿಯಲ್ಲಿ ಇನ್ನೊಂದು ಚಪ್ಪಲಿ ಸೇರುತ್ತದೆ. ನಾಳೆ ಇದೇ ಅಧ್ಯಕ್ಷ ಅಕ್ಕನ ಮನೆಗೆ ಹೋಗಿ ಸಮಾಧಾನ ಹೇಳುತ್ತಾನೆ.

ಅಧ್ಯಕ್ಷರು ಅವನ ಕಡೆ ತಿರುಗಿದರು.

"ಇವನ ಬಾಯಿ ತೆಗೆಸಿ ನೋ..."

ವಿಮಾನ!

ಬಲಗೈ ಮೇಲೆದ್ದಿತು. ಅಂಗೈ ಹೆಲ್ಮೆಟ್ಟಿನವನ ಕಡೆಗೆ. ತುಟಿ ಮುಚ್ಚಿತು.

ಹೆಲ್ಮೆಟ್ಟಿನವನು ಆ ಬೀದಿಯವನಲ್ಲ. ಬಾಡಿಗೆಗೆ ಬಂದವನು. ಯಜಮಾನ ಅಂಗೈ ಎತ್ತಿ ತೋರಿಸಿದರೆ ಏನರ್ಥ? ನಿಲ್ಲು, ಬಿಡು, ಮುಟ್ಟಬೇಡ. ಎತ್ತಿದ್ದ ಪೈಪನ್ನು ಅವನು ಕೆಳಗಿಳಿಸಿದ. ವಿಧೇಯವಾಗಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ.

ನಾನು ಎದ್ದೆ. ಓಡಲಿಲ್ಲ. ಓಡಿದರೆ ಅವನಿಗೆ ಅನುಮಾನ ಬರುತ್ತದೆ. ಒಂದು ಶೂ ಕೈಯಲ್ಲಿ, ಒಂದು ಕಾಲಲ್ಲಿ, ಊಟ ಮುಗಿಸಿ ಹೊರಟ ನೆಂಟನ ಹಾಗೆ ನಡೆದೆ. ಅಧ್ಯಕ್ಷರ ಕಣ್ಣು ಅಗಲವಾಯಿತು. ಬಾಯಿ ತೆರೆಯಲಿಲ್ಲ. ಮೂವತ್ತು ವರ್ಷ ಮುಚ್ಚಿದ ಬಾಯಿ ಒಂದು ಗಳಿಗೆಯಲ್ಲಿ ತೆರೆಯುವುದಿಲ್ಲ. ಕೈ ಇನ್ನೂ ಮೇಲೇ ಇತ್ತು. ಹೆಲ್ಮೆಟ್ಟಿನವನ ಮೈಯ ಬೆವರಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರದಿಂದ ಹಾದು ಹೊಸ್ತಿಲು ದಾಟಿದೆ.

ಆಮೇಲೆ ಓಡಿದೆ.

ಬೀದಿಯ ತುದಿಯಲ್ಲಿ ಹಿಯರಿಂಗ್‌ಗೆ ಗೊತ್ತುಮಾಡಿದ್ದ ಬಸ್ಸು ನಿಂತಿತ್ತು. ಒಳಗೆ ನಲವತ್ತು ಮನೆಯ ಜನ. ಅಕ್ಕನ ಪಕ್ಕ ಹೋಗಿ ಬಿದ್ದೆ. ಇದೇನೋ ಅವತಾರ, ಇನ್ನೊಂದು ಶೂ ಕಾಲಿಗೆ ಹಾಕ್ಕೋ ಅಂತ ಬೈದಳು. ಅವಳ ಕೈ ಹಿಡಿದುಕೊಂಡೆ. ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ. ಅವಳು ಮತ್ತೆ ಬೈಯಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಅಧ್ಯಕ್ಷರೂ ಹತ್ತಿದರು. ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು. ಸೀದಾ ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂತರು. ಎಲ್ಲರೆದುರು ನನ್ನ ಹೆಗಲ ಮೇಲೆ ಕೈ ಇಟ್ಟು, ಹುಷಾರಪ್ಪಾ ಅಂದರು. ರನ್‌ವೇ ಸುತ್ತು ಹಾಕಿ ಮುಕ್ಕಾಲು ಗಂಟೆಯ ದಾರಿ. ಆ ಕೈ ಅಲ್ಲೇ ಇತ್ತು. ಕಾರ್ಡು ಅಧಿಕಾರಿಗಳ ಮೇಜು ಸೇರುವವರೆಗೆ ನನ್ನ ಮಾತನ್ನು ಯಾರು ನಂಬುತ್ತಾರೆ? ನಾನು ಬಾಯಿ ತೆರೆಯಲಿಲ್ಲ, ಉಗುಳೂ ನುಂಗಲಿಲ್ಲ.

ಹಿಯರಿಂಗ್ ಹಾಲಿನಲ್ಲಿ ಒಂದು ಚೂರು ಸದ್ದಿರಲಿಲ್ಲ. ವಿಮಾನ ನಿಲ್ದಾಣದೊಳಗಿನ ಕೋಣೆ, ಎರಡು ಪದರದ ಗಾಜು. ಬೀದಿಯವರು ಆ ಮೌನಕ್ಕೆ ಹೆದರಿ ಪಿಸುಗುಟ್ಟುತ್ತಿದ್ದರು. ಅಧ್ಯಕ್ಷರು ಮೊದಲು ಎದ್ದು ಮಾತಾಡಿದರು. ಮೀಟರು ಏನು ಹೇಳುತ್ತದೋ ಅದನ್ನು ನೋವಿನಿಂದ ಒಪ್ಪಿಕೊಳ್ಳುತ್ತೇವೆ ಅಂದರು. ಟೈಲರಮ್ಮ ಕಣ್ಣೊರೆಸಿಕೊಂಡಳು.

ನಾನು ಎದ್ದೆ. ಅಧಿಕಾರಿ ಮೇಡಂ ಎದುರಿಗೆ ಹೋದೆ. ಬಾಯೊಳಗೆ ಬೆರಳು ಹಾಕಿ ಕಾರ್ಡ್ ತೆಗೆದು, ಅಂಗಿಗೆ ಒರೆಸಿ, ಮೇಜಿನ ಮೇಲಿಟ್ಟೆ. ಮೇಡಂ ಮುಖ ಸಿಂಡರಿಸಿದರು. ಆದರೂ ಟಿಶ್ಯೂ ಪೇಪರಿನಲ್ಲಿ ಹಿಡಿದು ಲ್ಯಾಪ್‌ಟಾಪಿಗೆ ಹಾಕಿಸಿದರು.

ಎಂಬತ್ತೊಂಬತ್ತು. ತೊಂಬತ್ತೊಂದು. ತೊಂಬತ್ತು.

ಅದೇ ದಿನ, ಅದೇ ನಿಮಿಷ, ಬೀದಿಯ ಮೀಟರಿನಲ್ಲಿ ಐವತ್ತೆಂಟು. ಮೇಡಂ ಎರಡು ಸಲ ನೋಡಿದರು. ಅಧ್ಯಕ್ಷರ ತಾರಸಿಗೆ ಈಗಲೇ ಜನ ಕಳಿಸಿ, ಸ್ಟೀಲ್ ಡಬ್ಬ ಇದೆ, ಒಳಗೆ ಸ್ಪಂಜಿದೆ ಅಂದೆ. ಅಧ್ಯಕ್ಷರು ಫೋನ್ ಹಿಡಿದು ಹೊರಗೆ ಹೋಗಲು ಎದ್ದರು. ಬಾಗಿಲ ಬಳಿ ಅಷ್ಟೊತ್ತಿಗೆ ಟೈಲರಮ್ಮ ನಿಂತಿದ್ದಳು. ಅವಳ ಹಿಂದೆ ಅಕ್ಕ. ಅಕ್ಕನ ಹಿಂದೆ ಇಡೀ ಬೀದಿ. ಒಬ್ಬರೂ ಮಾತಾಡಲಿಲ್ಲ. ಅವರಿಗೆ ಸುಮ್ಮನೆ ನಿಂತು ಕಾಯುವುದು ಚೆನ್ನಾಗಿ ಗೊತ್ತು.

ಒಂದು ಗಂಟೆಯಲ್ಲಿ ಡಬ್ಬದ ಫೋಟೋ ಬಂತು. ಒಂಬತ್ತನೆಯ ದಿನ ಮೀಟರಣ್ಣನಿಗೆ ಎಚ್ಚರವಾಯಿತು, ತನ್ನನ್ನು ತಳ್ಳಿದವರು ಯಾರೆಂದು ಹೇಳಿದ. ಬೀದಿಯನ್ನು ಗೆರೆಯ ಹೊರಗೇ ಉಳಿಸಿದರೆ, ಅಳತೆಯ ಕಂಟ್ರ್ಯಾಕ್ಟರನು ಅಧ್ಯಕ್ಷರಿಗೆ ದೂರದಲ್ಲೊಂದು ಶಾಂತವಾದ ಮನೆ ಕೊಡಿಸುವುದಾಗಿ ಮಾತು ಕೊಟ್ಟಿದ್ದನಂತೆ. ಆ ಮನುಷ್ಯನಿಗೂ ಬೇಕಾಗಿದ್ದದ್ದು ನಿದ್ದೆಯೇ. ಅದಕ್ಕೆ ಮೂವತ್ತೊಂಬತ್ತು ಮನೆಯವರ ನಿದ್ದೆ ಮಾರಿದ್ದರು.

ಗೆರೆ ಬೀದಿಯ ಆಚೆಗೆ ಸರಿಯಿತು. ಆಫೀಸಿನ ಕೆಲಸ ನಿಮಗೆ ಗೊತ್ತಲ್ಲ, ಕಿಟಕಿ ಬರಲು ಎಂಟು ತಿಂಗಳಾಯಿತು. ಭಾವ ಅಷ್ಟು ದಿನ ಹೇಗೋ ತಡೆದುಕೊಂಡರು. ಗಾಜು ಕೂರಿಸಿದ ದಿನ ಮಧ್ಯಾಹ್ನ ಮಲಗಿದವರು ಆರು ಗಂಟೆ ಹೊತ್ತು ಏಳಲೇ ಇಲ್ಲ. ಅಕ್ಕ ಹೆದರಿ ನನಗೆ ಫೋನ್ ಮಾಡಿದಳು. ಮೂಗಿನ ಹತ್ತಿರ ಬೆರಳಿಟ್ಟು ನೋಡು ಅಂದೆ. ನೋಡಿದಳು. ಉಸಿರಾಡ್ತಿದ್ದಾರೆ ಕಣೋ ಅಂತ ಹೇಳಿ ಫೋನಿನಲ್ಲೇ ಅತ್ತಳು. ನಾನೂ ಅತ್ತೆ.

ಅಧ್ಯಕ್ಷರಿರುವ ಜೈಲು ಊರಾಚೆ, ಹೊಲಗಳ ನಡುವೆ. ಹೋಗಿ ನೋಡಿ ಬಂದೆ. ಅಲ್ಲಿ ಒಂದೇ ಒಂದು ವಿಮಾನದ ಸದ್ದು ಕೇಳುವುದಿಲ್ಲ. ಇಡೀ ಬೀದಿಯಲ್ಲಿ ಸದ್ದಿಲ್ಲದ ಕೋಣೆ ಎಲ್ಲರಿಗಿಂತ ಎಂಟು ತಿಂಗಳು ಮುಂಚೆ ಸಿಕ್ಕಿದ್ದು ಅವರಿಗೇ.